ಧರ್ಮೋಪದೇಶದ ರಾಜಕೀಯ ಧ್ವನಿ ಮತ್ತು ಶಾಸಕರ ಓದು

1

ಧರ್ಮೋಪದೇಶವೂ ಸಾಹಿತ್ಯದ ಒಂದು ಪ್ರಕಾರವೇ ಆಗಿದೆ. ಆಧಾರಕ್ಕೆ ಒಂದು ಪವಿತ್ರವಾಕ್ಯ, ಆ ವಾಕ್ಯಕ್ಕೆ ವ್ಯಾಖ್ಯಾನ, ವ್ಯಾಖ್ಯಾನಕ್ಕೆ ಬೆಂಬಲವಾಗಿ ಲೋಕದಿಂದ ಆಯ್ದ ದೃಷ್ಟಾಂತ, ಕಡೆಯಲ್ಲಿ ಶ್ರೋತೃವಿನ ನಡೆನುಡಿಗೆ ಒಂದು ವಿಧಿ ಅಥವಾ ನಿಷೇಧ: ಚರ್ಚಾಗಲಿ, ಮಸೀದಿಯಾಗಲಿ, ಮಠವಾಗಲಿ, ಈ ಕಟ್ಟಡ ಬಹುಮಟ್ಟಿಗೆ ಒಂದೇ. ಇಂಗ್ಲಿಷ್ ಸಾಹಿತ್ಯಚರಿತ್ರೆಯಲ್ಲಿ ಜಾನ್ ಡನ್ನನ ಉಪದೇಶಗಳಿಗೆ ಅವನ ಕವಿತೆಗಳ ಪಕ್ಕದಲ್ಲಿಯೇ ಸ್ಥಾನವುಂಟು. ಆದರೆ ಕವಿತೆಗೂ ಉಪದೇಶಕ್ಕೂ ಒಂದು ಮುಖ್ಯವಾದ ಭೇದವಿದೆ. ಕವಿತೆಯನ್ನು ಓದುವವನು ಬಯಸಿ ಓದುತ್ತಾನೆ. ಉಪದೇಶವನ್ನು ಕೇಳುವವನು ಎಷ್ಟೋ ವೇಳೆ ಕೇಳಬೇಕಾದ ಸ್ಥಾನದಲ್ಲಿ ಕುಳಿತಿರುವುದರಿಂದ ಕೇಳುತ್ತಾನೆ. ಅಲ್ಲಿ ಎದ್ದುನಿಂತು ಪ್ರಶ್ನೆ ಕೇಳುವ ವಾಡಿಕೆಯಿಲ್ಲ.

ಈ ಶ್ರೋತೃವೃಂದದಲ್ಲಿ ರಾಜ್ಯದ ಕಾನೂನನ್ನು ಮಾಡುವವರೂ ಸೇರಿದ್ದು, ಪೀಠದ ಮೇಲಿನ ಮಾತು ಅವರ ರಾಜಕಾರಣವನ್ನೇ ಕುರಿತಾಗಿದ್ದರೆ ಏನಾಗುವುದು? ಶಾಸಕನು ಆಗ ಮೂರು ದಾರಿಗಳಲ್ಲಿ ಒಂದನ್ನು ಹಿಡಿದಿರುವುದು ಚರಿತ್ರೆಯಲ್ಲಿ ಕಾಣುತ್ತದೆ. ಅವನು ಉಪದೇಶಕನನ್ನು ದಂಡಿಸಬಹುದು. ಕೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೆ ವಂದಿಸಬಹುದು. ಇಲ್ಲವೇ ಒಬ್ಬ ಶ್ರೋತೃವಾಗಿ ಉತ್ತರ ಕೊಡಬಹುದು. ಈ ಮೂರೂ ಒಂದೊಂದು ಬಗೆಯ ಓದು, ಎಂದರೆ ಒಂದೊಂದು ಬಗೆಯ ವಿಮರ್ಶೆ. ಇವುಗಳಲ್ಲಿ ಯಾವುದು ಉಪದೇಶವೆಂಬ ಪ್ರಕಾರವನ್ನು ಅರ್ಥಮಾಡಿಕೊಂಡ ಓದು, ಯಾವುದು ತಪ್ಪು ಓದು ಎಂಬುದು ಇಲ್ಲಿನ ವಿಚಾರ. ಇದಕ್ಕೆ ಅತ್ಯಂತ ತುಂಬಿದ ದಾಖಲೆಯಿರುವುದು ಇಂಗ್ಲೆಂಡಿನ ಪಾರ್ಲಿಮೆಂಟಿನ ಚರಿತ್ರೆಯಲ್ಲಿ. ಅಲ್ಲಿ ಒಬ್ಬ ಪಾದ್ರಿಯ ಒಂದೂವರೆ ಗಂಟೆಯ ಉಪದೇಶವನ್ನು ರಾಜ್ಯದ ಎರಡು ಸಭೆಗಳೂ ಸೇರಿ ವಾಕ್ಯವಾಕ್ಯವಾಗಿ ವಿಚಾರಣೆಗೆ ಒಳಪಡಿಸಿದುವು. ಆದುದರಿಂದ ಅಲ್ಲಿಂದಲೇ ತೊಡಗುವುದು ಯುಕ್ತ.

2

1709ನೆಯ ನವೆಂಬರ್ 5ರಂದು ಲಂಡನ್ನಿನ ಸೇಂಟ್ ಪಾಲ್ ಮಹಾದೇವಾಲಯದಲ್ಲಿ ನಗರದ ಲಾರ್ಡ್ ಮೇಯರ್ ಸರ್ ಸ್ಯಾಮ್ಯುಯೆಲ್ ಗ್ಯಾರರ್ಡ್ ಮತ್ತು ನಗರಸಭೆಯ ಹಿರಿಯರ ಎದುರಿಗೆ ಹೆನ್ರಿ ಸ್ಯಾಚೆವರೆಲ್ ಎಂಬ ಪಾದ್ರಿ ಉಪದೇಶ ಮಾಡಿದನು. ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನ ಫೆಲೋ ಆಗಿದ್ದ ಆತನಿಗೆ ಆಗ ಮೂವತ್ತೈದರ ಆಸುಪಾಸು. ಆಧಾರವಾಕ್ಯವು ಕೊರಿಂಥದವರಿಗೆ ಪೌಲನು ಬರೆದ ಎರಡನೆಯ ಪತ್ರದ್ದು. ತಾನು ಅನುಭವಿಸಿದ ಅಪಾಯಗಳನ್ನು ಪೌಲನು ಅಲ್ಲಿ ಒಂದೊಂದಾಗಿ ಎಣಿಸುತ್ತಾನೆ: ಹೊಳೆಗಳ ಅಪಾಯ, ಕಳ್ಳರ ಅಪಾಯ, ಕಾಡಿನ ಅಪಾಯ, ಕಡಲಿನ ಅಪಾಯ. ಆ ಪಟ್ಟಿಯ ಕೊನೆಯದು ಸುಳ್ಳು ಸಹೋದರರಿಂದ ಒದಗುವ ಅಪಾಯ. ಸ್ಯಾಚೆವರೆಲ್ ಈ ಕೊನೆಯದನ್ನು ಮಾತ್ರ ಎತ್ತಿಕೊಂಡು, ಚರ್ಚಿನಲ್ಲಿಯೂ ರಾಜ್ಯದಲ್ಲಿಯೂ ಇರುವ ಸುಳ್ಳು ಸಹೋದರರು ಎಂಬುದಾಗಿ ಅದನ್ನು ವಿಸ್ತರಿಸಿದನು.

ದಿನದ ಮಹತ್ವವನ್ನು ತಿಳಿಯದೆ ಈ ಉಪದೇಶ ಅರ್ಥವಾಗುವುದಿಲ್ಲ. ನವೆಂಬರ್ 5 ಇಂಗ್ಲೆಂಡಿಗೆ ಎರಡು ನೆನಪುಗಳ ದಿನ. 1605ರಲ್ಲಿ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಹಾರಿಸುವ ಸಂಚು ಬಯಲಾದದ್ದು ಅಂದು. 1688ರಲ್ಲಿ ವಿಲಿಯಂ ರಾಜಕುಮಾರನು ಟಾರ್ಬೆಯಲ್ಲಿ ಸೇನೆಯೊಡನೆ ಇಳಿದದ್ದೂ ಅಂದೇ. ಎರಡನೆಯ ಘಟನೆಯಿಂದ ಜೇಮ್ಸ್ ರಾಜನು ಸಿಂಹಾಸನ ಬಿಟ್ಟು ಓಡಿದನು. 1689ರಲ್ಲಿ ರಾಜಚರ್ಚಿನ ಹೊರಗಿದ್ದ ಪ್ರಾಟೆಸ್ಟೆಂಟ್ ಪಂಗಡಗಳಿಗೆ ಸಹಿಷ್ಣುತಾ ಶಾಸನವು ಆರಾಧನೆಯ ಸ್ವಾತಂತ್ರ್ಯವನ್ನು ಕೊಟ್ಟಿತು. 1709ರಲ್ಲಿ ಆಳುತ್ತಿದ್ದ ವಿಗ್ ಮಂತ್ರಿಗಳ ಅಧಿಕಾರ ನಿಂತಿದ್ದುದು ಈ ಕ್ರಾಂತಿಯ ತಳಹದಿಯ ಮೇಲೆ. ಅಂತಹ ದಿನದಂದು ಪೀಠವೇರಿದವನು ಎರಡು ಉಪಕಾರಗಳಿಗೂ ದೇವರಿಗೆ ಕೃತಜ್ಞತೆ ಹೇಳುವುದು ವಾಡಿಕೆ. ಸ್ಯಾಚೆವರೆಲ್ ಸಿಡಿಮದ್ದಿನ ಸಂಚನ್ನು ನೆನೆದನು, ಕ್ರಾಂತಿಯನ್ನು ಕೊಂಡಾಡಲಿಲ್ಲ. ಕೊಂಡಾಡದೆ ಬಿಟ್ಟದ್ದೇ ಉಪದೇಶದ ಮೊದಲನೆಯ ರಾಜಕೀಯ ವಾಕ್ಯ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಯಾವ ನೆಪದಿಂದಲೂ ರಾಜಾಧಿಕಾರವನ್ನು ಪ್ರತಿರೋಧಿಸುವುದು ಅಧರ್ಮವೆಂದು ಅವನು ಸಾರಿದನು. ಹಾಗಾದರೆ 1688ರಲ್ಲಿ ನಡೆದದ್ದೇನು ಎಂಬ ಪ್ರಶ್ನೆ ಕೇಳುವವನ ಮನಸ್ಸಿನಲ್ಲಿ ಏಳುವುದು ಸಹಜ. ಅದಕ್ಕೆ ಅವನ ಉತ್ತರ: ಆ ಕ್ರಾಂತಿಯಲ್ಲಿ ಪ್ರತಿರೋಧವೇ ಇರಲಿಲ್ಲ, ವಿಲಿಯಮನೇ ತನ್ನ ಘೋಷಣೆಯಲ್ಲಿ ಅದನ್ನು ನಿರಾಕರಿಸಿದ್ದಾನೆ, ಇದ್ದಿತೆನ್ನುವವರೇ ಕ್ರಾಂತಿಗೆ ಕಳಂಕ ಹಚ್ಚುವವರು. ಮಾತಿನ ಮೇಲ್ಮೈಯಲ್ಲಿ ಇದು ಕ್ರಾಂತಿಯ ರಕ್ಷಣೆ. ಆದರೆ ಸೇನೆಯೊಂದು ಇಳಿದದ್ದನ್ನೂ ರಾಜನು ಓಡಿದ್ದನ್ನೂ ಬಲ್ಲ ಶ್ರೋತೃ ಅದನ್ನು ಹೇಗೆ ತೆಗೆದುಕೊಂಡಾನು? ಪ್ರತಿರೋಧವು ಪಾಪ, ನಡೆದದ್ದು ಪ್ರತಿರೋಧ, ಆದುದರಿಂದ ನಡೆದದ್ದು ಪಾಪ ಎಂಬ ತೀರ್ಮಾನವನ್ನು ಉಪದೇಶಕನು ಆಡಲಿಲ್ಲ. ಆಡುವ ಹೊಣೆಯನ್ನು ಕೇಳುವವನಿಗೆ ವಹಿಸಿದನು.

ಮೂರನೆಯದು ವ್ಯಕ್ತಿನಿಂದೆ. ಬೆನ್ ಜಾನ್ಸನ್ನನ ನಾಟಕದ ವೊಲ್ಪೋನೆ ಎಂಬ ಗುಳ್ಳೆನರಿಯ ಹೆಸರಿನ ಪಾತ್ರವನ್ನು ನೆನೆದು, ಉನ್ನತಪದವಿಯಲ್ಲಿರುವ ಕಪಟಿಗಳನ್ನು ಆ ಹೆಸರಿನಿಂದ ಕರೆದನು. ಖಜಾನೆಯ ಮುಖ್ಯಾಧಿಕಾರಿಯಾದ ಗೊಡಾಲ್ಫಿನ್ ಪ್ರಭುವಿಗೆ ಲಂಡನ್ನಿನಲ್ಲಿ ಆಗ ಅದೇ ಅಡ್ಡಹೆಸರಿದ್ದಿತು. ಪೀಠದ ಮೇಲೆ ಮಂತ್ರಿಯ ಹೆಸರು ಬರಲಿಲ್ಲ; ಆದರೆ ಮಂತ್ರಿಯನ್ನು ಗುರುತಿಸದೆ ಹೋದವರು ಕೆಲವರೇ.

ಸಾಹಿತ್ಯದೃಷ್ಟಿಯಿಂದ ನೋಡಿದರೆ ಇದು ಉತ್ತಮವಾದ ಉಪದೇಶವಲ್ಲ. ಡನ್ನನಲ್ಲಿ ಕಾಣುವ ಆತ್ಮಶೋಧನೆ ಇಲ್ಲಿಲ್ಲ. ವಿಶೇಷಣಗಳು ಒಂದರ ಮೇಲೊಂದು ರಾಶಿ ಬಿದ್ದಿವೆ; ಒಂದು ವಾಕ್ಯ ಮುಗಿಯುವಷ್ಟರಲ್ಲಿ ಬೈಗುಳು ನಾಲ್ಕು ಬಗೆಯಾಗಿರುತ್ತದೆ. ಪೌಲನು ತನ್ನ ಕಷ್ಟಗಳನ್ನು ಎಣಿಸಿದ್ದು ತನ್ನ ದೌರ್ಬಲ್ಯವನ್ನು ಒಪ್ಪಿಕೊಳ್ಳುವುದಕ್ಕಾಗಿ. ಸ್ಯಾಚೆವರೆಲ್ ಅದೇ ಪಟ್ಟಿಯನ್ನು ಪರರ ದೋಷಗಳ ಪಟ್ಟಿಯಾಗಿ ತಿರುಗಿಸಿದನು. ಆಧಾರವಾಕ್ಯಕ್ಕೂ ವ್ಯಾಖ್ಯಾನಕ್ಕೂ ಇರಬೇಕಾದ ನಂಟು ಕಡಿದುಹೋದದ್ದು ಇದರ ಮೂಲದೋಷ. ಹೀಗಿದ್ದೂ ಆ ಕಾಲದ ಶ್ರೋತೃಗಳ ಮೇಲೆ ಅದು ಮಾಡಿದ ಪರಿಣಾಮ ಅಸಾಧಾರಣ. ನಗರಸಭೆಯ ಹಿರಿಯರು ಉಪದೇಶಕ್ಕೆ ವಂದನೆ ಹೇಳಲೂ ಅದನ್ನು ಅಚ್ಚುಹಾಕಿಸಲೂ ಒಪ್ಪಲಿಲ್ಲ. ಅವನು ತಾನೇ ಅದನ್ನು ಲಾರ್ಡ್ ಮೇಯರನಿಗೆ ಅರ್ಪಿಸಿ ಅಚ್ಚು ಹಾಕಿಸಿದನು. ಸುಮಾರು ಒಂದು ಲಕ್ಷ ಪ್ರತಿಗಳು ಹರಡಿದುವೆಂದು ಚರಿತ್ರಕಾರರ ಅಂದಾಜು.

3

ಕಾಮನ್ಸ್ ಸಭೆಯಲ್ಲಿ ಡಿಸೆಂಬರ್ 13ರಂದು ಈ ವಿಷಯವನ್ನು ಎತ್ತಿದವನು ಜಾನ್ ಡಾಲ್ಬೆನ್. ಇವನು ಯಾರ್ಕಿನ ಆರ್ಚ್‌ಬಿಷಪ್ಪನೊಬ್ಬನ ಮಗ. ಮಾರನೆಯ ದಿನವೇ ಸ್ಯಾಚೆವರೆಲ್ಲನನ್ನು ಕರೆಸಿ, ಅವನ ಮೇಲೆ ಮಹಾಭಿಯೋಗ ಹೂಡಬೇಕೆಂದು ಸಭೆ ನಿರ್ಣಯಿಸಿತು. ಮಹಾಭಿಯೋಗವೆಂದರೆ ಕಾಮನ್ಸ್ ಸಭೆ ಫಿರ್ಯಾದಿ, ಲಾರ್ಡ್ಸ್ ಸಭೆ ನ್ಯಾಯಾಧೀಶ. ರಾಜ್ಯದ್ರೋಹಿ ಮಂತ್ರಿಗಳ ಮೇಲೆ ಬಳಸುವ ಈ ಅಸ್ತ್ರವನ್ನು ಒಬ್ಬ ಪಾದ್ರಿಯ ಮೇಲೆ ಬಿಟ್ಟದ್ದಕ್ಕೆ ಕಾರಣವಿಲ್ಲದೆ ಇರಲಿಲ್ಲ: ಪ್ರಶ್ನೆಯಿದ್ದುದು ಪಾದ್ರಿಯದಲ್ಲ, 1688ರ ಸಿಂಧುತ್ವದ್ದು. ಉಪದೇಶವು ಸರಿಯಾದರೆ ರಾಣಿ ಆನ್ನಳ ಸಿಂಹಾಸನವೂ ಮುಂದಿನ ಉತ್ತರಾಧಿಕಾರವೂ ಸಂಶಯಕ್ಕೆ ಬೀಳುತ್ತಿದ್ದುವು. ಶಾಸಕರು ಕೇವಲ ಮೂಗಿನ ತುದಿಯ ಕೋಪದಿಂದ ನಡೆದರೆನ್ನುವುದು ನ್ಯಾಯವಲ್ಲ.

ಆರೋಪಗಳು ನಾಲ್ಕು. ಕ್ರಾಂತಿಯನ್ನು ತಂದ ಸಾಧನಗಳು ಹೇಯವಾದುವು, ಸಮರ್ಥಿಸಲಾಗದುವು ಎಂಬ ಭಾವ. ಸಹಿಷ್ಣುತೆಯು ಅಯುಕ್ತವೆಂಬ ಭಾವ. ರಾಣಿಯ ಆಳ್ವಿಕೆಯಲ್ಲಿ ಚರ್ಚು ಅಪಾಯದಲ್ಲಿದೆಯೆಂಬ ಭಾವ. ರಾಣಿಯ ಆಡಳಿತವೂ ಅಧಿಕಾರಿಗಳೂ ರಾಜ್ಯವ್ಯವಸ್ಥೆಯ ನಾಶಕ್ಕೆ ಹೊರಟಿರುವರೆಂಬ ಭಾವ. ಇಲ್ಲಿ ಭಾವವೆಂಬ ಪದವನ್ನು ಬೇಕೆಂದೇ ಬಳಸಿದೆ. ಏಕೆಂದರೆ ಆರೋಪಪತ್ರದ ಮುಖ್ಯ ಕ್ರಿಯಾಪದವೇ ಸೂಚಿಸು ಎಂಬುದು. ಸ್ಯಾಚೆವರೆಲ್ ಇವನ್ನು ಸೂಚಿಸುತ್ತಾನೆ ಹಾಗೂ ಪ್ರತಿಪಾದಿಸುತ್ತಾನೆ ಎಂದು ಅದು ಹೇಳುತ್ತದೆ. ಮೂರನೆಯ ಆರೋಪದ ಹಿನ್ನೆಲೆಯೂ ಗಮನಾರ್ಹ. ಚರ್ಚು ಅಪಾಯದಲ್ಲಿದೆಯೆನ್ನುವವನು ರಾಣಿಯ ಶತ್ರುವೆಂದು 1705ರಲ್ಲಿಯೇ ಎರಡು ಸಭೆಗಳೂ ನಿರ್ಣಯ ಮಾಡಿದ್ದುವು. ಒಂದು ಭಯವಿದೆಯೋ ಇಲ್ಲವೋ ಎಂಬುದನ್ನು ಮತ ಎಣಿಸಿ ತೀರ್ಮಾನಿಸಿದ ಮೇಲೆ ಭಯಪಡುವುದೇ ಅಪರಾಧವಾಯಿತು!

ಭಾರತೀಯ ಆಲಂಕಾರಿಕರು ಈ ಮೊಕದ್ದಮೆಯನ್ನು ಕಂಡಿದ್ದರೆ ಅದರ ಮರ್ಮವನ್ನು ಕೂಡಲೇ ಗುರುತಿಸುತ್ತಿದ್ದರು. ವಾಚ್ಯಾರ್ಥ ಬೇರೆ, ವ್ಯಂಗ್ಯಾರ್ಥ ಬೇರೆ. ಸೂರ್ಯ ಮುಳುಗಿದನೆಂಬ ಒಂದೇ ವಾಕ್ಯದಿಂದ ಕಳ್ಳನಿಗೆ ಒಂದು ಅರ್ಥ, ವಿರಹಿಗೆ ಒಂದು, ಸಂಧ್ಯಾವಂದನೆ ಮಾಡುವವನಿಗೆ ಮತ್ತೊಂದು ಎಂದು ಅವರು ಹೇಳುವ ದೃಷ್ಟಾಂತ ಪ್ರಸಿದ್ಧವಾಗಿದೆ. ವ್ಯಂಗ್ಯಾರ್ಥವು ವಕ್ತೃವಿನ ಮಾತಿನಿಂದ ಹೊರಟರೂ ಅದು ಪೂರ್ಣವಾಗುವುದು ಶ್ರೋತೃವಿನ ಪ್ರತಿಭೆಯಲ್ಲಿ. ಹಾಗಾದರೆ ಅದಕ್ಕೆ ದಂಡ ತೆರಬೇಕಾದವರು ಯಾರು? ಸ್ಯಾಚೆವರೆಲ್ಲನ ವಕೀಲ ಸರ್ ಸೈಮನ್ ಹಾರ್ಕೋರ್ಟ್ ಈ ಬಿರುಕಿನಲ್ಲಿಯೇ ಕೈಯಿಟ್ಟನು. ಯಾವ ಸಾಮಾನ್ಯ ನಿಯಮಕ್ಕೂ ಅಪವಾದಗಳು ಅಧ್ಯಾಹಾರವಾಗಿರುತ್ತವೆ. ತಂದೆಗೆ ವಿಧೇಯನಾಗಿರೆಂದು ಹೇಳುವ ಉಪದೇಶಕನು ಅವಿಧೇಯತೆಗೆ ಎಡೆಯಿರುವ ಸಂದರ್ಭಗಳನ್ನೆಲ್ಲ ಎಣಿಸಿ ಹೇಳಬೇಕಾಗಿಲ್ಲ. 1688 ಅಂತಹ ಅಪವಾದವೆಂದು ತನ್ನ ಕಕ್ಷಿಗಾರನು ನಂಬಬಲ್ಲನು. ಇದು ಈ ವಾದದ ಸಾರ. ಆರೋಪಿಸುವವರು ಧ್ವನಿಯನ್ನು ಹಿಡಿದರೆ ರಕ್ಷಿಸುವವನೂ ಧ್ವನಿಯನ್ನೇ ಹಿಡಿದನು. ಸೂಚಿತವಾದದ್ದು ಆರೋಪವೂ ಆಗಬಹುದು, ಅಪವಾದವೂ ಆಗಬಹುದು.

ಸಾಲಪತ್ರವನ್ನು ಓದುವಂತೆ ಉಪದೇಶವನ್ನು ಓದಲು ಹೊರಟವರಿಗೆ ಇದರಿಂದ ಬಂದ ತೊಡಕು ಸಾಮಾನ್ಯವಲ್ಲ. ಸಾಲಪತ್ರದಲ್ಲಿ ಬರೆಯದೆ ಬಿಟ್ಟದ್ದಕ್ಕೆ ಬೆಲೆಯಿಲ್ಲ. ಉಪದೇಶದಲ್ಲಿ ಬಿಟ್ಟದ್ದೇ ಬೆಲೆಯುಳ್ಳದ್ದು. ಆದುದರಿಂದ ಬಿಟ್ಟ ಮಾತನ್ನು ಫಿರ್ಯಾದಿಗಳು ತಾವೇ ತುಂಬಬೇಕಾಯಿತು. ಅಷ್ಟೇ ಅಲ್ಲ, ಪಾದ್ರಿಯ ಸಿದ್ಧಾಂತ ತಪ್ಪೆಂದು ತೋರಿಸಲು ಸರಿಯಾದ ಸಿದ್ಧಾಂತವಾವುದೆಂದು ಹೇಳಬೇಕಾಯಿತು. ಪ್ರಜೆ ರಾಜನನ್ನು ಎಂದು ಪ್ರತಿರೋಧಿಸಬಹುದು? ನಿಕೊಲಸ್ ಲೆಕ್ಮಿಯರ್, ಸರ್ ಜೋಸೆಫ್ ಜೆಕಿಲ್, ಜೇಮ್ಸ್ ಸ್ಟ್ಯಾನ್‌ಹೋಪ್ ಮೊದಲಾದವರು ವೆಸ್ಟ್‌ಮಿನ್ಸ್ಟರ್ ಹಾಲಿನಲ್ಲಿ, ಕ್ರಿಸ್ಟಫರ್ ರೆನ್ ಕಟ್ಟಿಸಿದ ಆಸನಸಾಲುಗಳ ನಡುವೆ ನಿಂತು, ದಿನಗಟ್ಟಲೆ ಇದನ್ನು ವಿವರಿಸಿದರು. ಉಪದೇಶಕನನ್ನು ಶಿಕ್ಷಿಸಲು ಬಂದ ಶಾಸಕರು ತಾವೇ ಉಪದೇಶಪೀಠವನ್ನು ಏರಿದರು.

ಇವರಲ್ಲಿ ತನ್ನ ಇಕ್ಕಟ್ಟನ್ನು ಅರಿತು ಮಾತನಾಡಿದವನು ಮುಂದೆ ಪ್ರಧಾನಿಯಾದ ರಾಬರ್ಟ್ ವಾಲ್‌ಪೋಲ್. ಅವನ ಮಾತಿನ ತಾತ್ಪರ್ಯ ಹೀಗೆ: ಪ್ರತಿರೋಧವನ್ನು ಯಾವ ಕಾನೂನೂ ಎಂದೂ ನ್ಯಾಯಬದ್ಧವೆಂದು ಒಪ್ಪಿಲ್ಲ, ಎಲ್ಲ ಕಾನೂನುಗಳೂ ಅದಕ್ಕೆ ಘೋರದಂಡನೆಯನ್ನೇ ವಿಧಿಸುತ್ತವೆ, ಅದು ಯಾವಾಗ ಸಲ್ಲುವುದೆಂದು ಕಾನೂನಿನಲ್ಲಿ ವರ್ಣಿಸಲೂ ಆಗದು, ವರ್ಣಿಸಲೂ ಬಾರದು, ಆದರೂ ಪರಮ ಅನಿವಾರ್ಯತೆಯೊದಗಿದಾಗ ಅದು ಉಂಟು. ಇದು ವಿಚಾರಣೆಯ ಅತ್ಯಂತ ಪ್ರಾಮಾಣಿಕವಾದ ಮಾತು. ಉಪದೇಶದಂತೆ ಕಾನೂನಿಗೂ ಹೇಳದೆ ಬಿಡಬೇಕಾದ ಒಂದು ಅಂಶವಿದೆಯೆಂದು ಶಾಸಕನೊಬ್ಬನು ಇಲ್ಲಿ ಒಪ್ಪಿಕೊಂಡನು. ಆದರೆ ಒಪ್ಪಿಕೊಂಡದ್ದು ಅದನ್ನು ಬಹಿರಂಗವಾಗಿ ಹೇಳಲು ತನ್ನ ಪಕ್ಷವೇ ಏರ್ಪಡಿಸಿದ ಸಭೆಯಲ್ಲಿ. ಮೌನವಾಗಿರತಕ್ಕದ್ದನ್ನು ಮೌನವಾಗಿರತಕ್ಕದ್ದೆಂದು ಸಾರಿ ಹೇಳಬೇಕಾದ ವಿಪರ್ಯಾಸವಿದು.

4

ಫಲವನ್ನು ಸಂಕ್ಷೇಪವಾಗಿ ಹೇಳಬಹುದು. ವಿಚಾರಣೆ 1710ನೆಯ ಫೆಬ್ರುವರಿ 27ರಂದು ತೊಡಗಿತು. ಮಾರ್ಚ್ 1ರ ರಾತ್ರಿ ಲಂಡನ್ನಿನ ಗುಂಪುಗಳು ಚರ್ಚಿನ ಹೊರಗಿನ ಪಂಗಡಗಳ ಪ್ರಾರ್ಥನಾಮಂದಿರಗಳನ್ನು ಕೆಡವಿ, ಪೀಠಗಳನ್ನೂ ಬೆಂಚುಗಳನ್ನೂ ಬೀದಿಯಲ್ಲಿ ಸುಟ್ಟುವು. ಬ್ಯಾಂಕ್ ಆಫ್ ಇಂಗ್ಲೆಂಡಿನ ಮೇಲೆಯೂ ಬೀಳುವರೆಂಬ ಭಯದಿಂದ ರಾಣಿಯ ಕಾವಲುಪಡೆಯನ್ನು ಕಳುಹಿಸಬೇಕಾಯಿತು. ತನಗೆ ಯಾವ ಸಂಬಂಧವೂ ಇಲ್ಲದ ವ್ಯಾಜ್ಯದಲ್ಲಿ ಪೆಟ್ಟು ತಿಂದವರು ಈ ಅಲ್ಪಸಂಖ್ಯಾತ ಪಂಗಡದವರು ಎಂಬುದನ್ನು ಮರೆಯಲಾಗದು. ಪೀಠದಿಂದ ಸುಳ್ಳು ಸಹೋದರರೆಂಬ ಹೆಸರನ್ನು ಬಿತ್ತಿದವನು ಬೆಂಕಿ ಹಚ್ಚಿರೆಂದು ಹೇಳಿರಲಿಲ್ಲ. ಹೇಳದೆಯೇ ಅದು ಕೇಳಿಸಿತು. ಧ್ವನಿಯನ್ನು ದಂಡಿಸಲಾಗದೆಂಬ ಮಾತಿನ ಜೊತೆಯಲ್ಲಿಯೇ, ಧ್ವನಿಗೆ ನೈತಿಕ ಹೊಣೆಯುಂಟೆಂಬ ಮಾತನ್ನೂ ವಿಮರ್ಶಕನು ಬರೆದಿಡಬೇಕು.

ಮಾರ್ಚ್ 20ರಂದು 69 ಪ್ರಭುಗಳು ಅಪರಾಧಿಯೆಂದೂ 52 ಪ್ರಭುಗಳು ನಿರಪರಾಧಿಯೆಂದೂ ಮತವಿತ್ತರು; ಬಿಷಪ್ಪರಲ್ಲಿಯೇ ಒಮ್ಮತವಿರಲಿಲ್ಲ. ಶಿಕ್ಷೆ ಮೂರು ವರ್ಷ ಉಪದೇಶ ಮಾಡಕೂಡದೆಂಬುದು, ಮತ್ತು ಉಪದೇಶದ ಪ್ರತಿಗಳನ್ನು ಸುಡಬೇಕೆಂಬುದು. ಆ ಅವಧಿಯಲ್ಲಿ ಚರ್ಚಿನ ಬೇರೆ ಪದವಿಯನ್ನೂ ಪಡೆಯಕೂಡದೆಂಬ ಸೂಚನೆ ಒಂದೇ ಮತದಿಂದ ಬಿದ್ದುಹೋಯಿತು. ರಾಯಲ್ ಎಕ್ಸ್‌ಚೇಂಜಿನ ಮುಂದೆ ಪುಸ್ತಿಕೆ ಸುಟ್ಟಿತು. ನಾಡಿನಲ್ಲೆಲ್ಲ ಜನರು ಸಂತೋಷದ ಬೆಂಕಿಗಳನ್ನು ಹಾಕಿ, ಇಷ್ಟು ಹಗುರವಾದ ಶಿಕ್ಷೆಯನ್ನು ಬಿಡುಗಡೆಯೆಂದೇ ಆಚರಿಸಿದರು. ಆಗಸ್ಟಿನಲ್ಲಿ ಗೊಡಾಲ್ಫಿನ್ ಪದಚ್ಯುತನಾದನು. ಶರತ್ಕಾಲದ ಚುನಾವಣೆಯಲ್ಲಿ ಟೋರಿಗಳು ಭಾರಿ ಬಹುಮತ ಪಡೆದರು. ದೀರ್ಘಯುದ್ಧದ ಬೇಸರವೂ ರಾಣಿಯ ಆಸ್ಥಾನದ ಒಳಜಗಳವೂ ಇದಕ್ಕೆ ಕಾರಣಗಳಾಗಿದ್ದುವು. ಆದರೆ ಚುನಾವಣೆಗೆ ಕೂಗು ಒದಗಿಸಿದ್ದು ಈ ವಿಚಾರಣೆ. 1713ರ ಮಾರ್ಚಿನಲ್ಲಿ ನಿಷೇಧ ಮುಗಿಯಿತು. ಅದೇ ವರ್ಷ ಮೇ 29ರಂದು ಸ್ಯಾಚೆವರೆಲ್ ಮತ್ತೆ ಉಪದೇಶ ಮಾಡಿದನು. ಈ ಸಲ ಶ್ರೋತೃಗಳು ಕಾಮನ್ಸ್ ಸಭೆಯವರೇ, ಆಹ್ವಾನವೂ ಅವರದೇ. ಮೂರೂವರೆ ವರ್ಷದ ಹಿಂದೆ ಫಿರ್ಯಾದಿಯಾಗಿದ್ದ ಸಭೆಯು ಈಗ ಶಿಷ್ಯನಾಗಿ ಕುಳಿತಿತು. ಉಪದೇಶ ಬದಲಾಗಿರಲಿಲ್ಲ, ಸಭೆಯ ಬಹುಮತ ಬದಲಾಗಿದ್ದಿತು. ಸಿದ್ಧಾಂತದ ಸತ್ಯಾಸತ್ಯವನ್ನು ಬಹುಮತಕ್ಕೆ ಬಿಟ್ಟರೆ ಆಗುವುದೇ ಇದು.

5

ಎರಡನೆಯ ದಾರಿ ವಂದನೆಯದು. ಚಾರ್ಲ್ಸ್ ರಾಜನ ಶಿರಚ್ಛೇದದ ದಿನವಾದ ಜನವರಿ 30ರಂದು ಕಾಮನ್ಸ್ ಸಭೆಗೆ ಉಪದೇಶ ಕೇಳುವ ಸಂಪ್ರದಾಯವಿದ್ದಿತು. 1772ರಲ್ಲಿ ಆ ಉಪದೇಶ ಮಾಡಿದವನು ಆಕ್ಸ್‌ಫರ್ಡಿನ ಥಾಮಸ್ ನೋವೆಲ್. ಕೇಳಲು ಹೋದ ಸದಸ್ಯರು ಕೆಲವರು ಮಾತ್ರ. ಮಾರನೆಯ ದಿನ ಸಭೆ ಎಂದಿನಂತೆ ವಂದನೆ ಸಲ್ಲಿಸಿ, ಅಚ್ಚುಹಾಕಿಸಬೇಕೆಂದು ಕೇಳಿಕೊಂಡಿತು. ಪುಸ್ತಿಕೆ ಕೈಗೆ ಬಂದ ಮೇಲೆ ಸದಸ್ಯರು ಅದನ್ನು ಓದಿದರು. ಅಲ್ಲಿ ಕಂಡದ್ದು ಹಳೆಯ ರಾಜಭಕ್ತಿಯ ಸಿದ್ಧಾಂತ, ಪಾರ್ಲಿಮೆಂಟಿನ ಪೂರ್ವಜರ ನಿಂದೆ. ಕೊಟ್ಟ ವಂದನೆಯನ್ನು ನಡವಳಿಯ ಪುಸ್ತಕದಿಂದ ಅಳಿಸಿಹಾಕಬೇಕೆಂದು ಸಭೆ ತೀರ್ಮಾನಿಸಿತು. ಕೇಳದೆ ಮೆಚ್ಚಿದವರು ಓದಿದೊಡನೆ ಸಿಟ್ಟಾದರು. ಇಲ್ಲಿ ಉಪದೇಶಕನಿಗಿಂತ ಹೆಚ್ಚಿನ ನಗೆಗೀಡಾದವರು ಶಾಸಕರೇ. ಮರ್ಯಾದೆಯ ವಂದನೆಯು ನಿರುಪದ್ರವಿಯೆಂದು ತೋರುತ್ತದೆ. ಆದರೆ ಅದು ಓದದೆ ಹಾಕಿದ ರುಜು.

ಈ ಶತಮಾನದಲ್ಲಿಯೂ ಈ ಬಗೆಯ ಪ್ರಸಂಗಗಳಿಗೆ ಕೊರತೆಯಿಲ್ಲ. 2016ನೆಯ ಆಗಸ್ಟ್ 26ರಂದು ಹರಿಯಾಣದ ವಿಧಾನಸಭೆಯ ಒಳಗೆಯೇ ಜೈನಮುನಿ ತರುಣಸಾಗರರು ಪ್ರವಚನ ಮಾಡಿದರು. ರಾಜಕಾರಣದ ಮೇಲೆ ಧರ್ಮದ ಅಂಕುಶವಿರಬೇಕೆಂದು ಹೇಳುತ್ತ, ಅವೆರಡನ್ನೂ ಪತಿಪತ್ನಿಯರ ಸಂಬಂಧಕ್ಕೆ ಹೋಲಿಸಿದರು. ಆ ಹೋಲಿಕೆ ರಾಜ್ಯತತ್ತ್ವದ ಒಂದು ದೊಡ್ಡ ಪ್ರಶ್ನೆಯನ್ನೇ ಒಳಗೊಂಡಿತ್ತು. ಪ್ರಶ್ನಿಸುವುದಕ್ಕೆಂದೇ ಕಟ್ಟಿದ ಮನೆಯಲ್ಲಿ ಪ್ರಶ್ನೆಗೆ ಎಡೆಯಿಲ್ಲದ ಮಾತು ನಡೆದಾಗ ಸದಸ್ಯನಿಗೆ ಉಳಿಯುವುದು ಕೈಮುಗಿದು ಕೇಳುವ ಪಾತ್ರವೊಂದೇ. ಇದು ಮುನಿಗಳ ದೋಷವಲ್ಲ. ಅವರು ಎಲ್ಲಿಯೂ ಆಡುವುದನ್ನೇ ಅಲ್ಲಿಯೂ ಆಡಿದರು. ಸ್ಥಳದ ಆಯ್ಕೆ ಶಾಸಕರದು.

6

ಮೂರನೆಯ ದಾರಿ ಉತ್ತರದ್ದು. ಇದಕ್ಕೆ ಉದಾಹರಣೆ ಸ್ಯಾಚೆವರೆಲ್ಲನ ಉಪದೇಶಕ್ಕೆ ಕನ್ನಡಿಯ ಪ್ರತಿಬಿಂಬದಂತಿರುವ ಇನ್ನೊಂದು ಉಪದೇಶ. 1789ನೆಯ ನವೆಂಬರ್ 4ರಂದು ಲಂಡನ್ನಿನ ಓಲ್ಡ್ ಜ್ಯೂರಿ ಪ್ರಾರ್ಥನಾಮಂದಿರದಲ್ಲಿ, 1688ರ ಕ್ರಾಂತಿಯನ್ನು ಸ್ಮರಿಸುವ ಸಂಘದವರ ಎದುರಿಗೆ, ರಿಚರ್ಡ್ ಪ್ರೈಸ್ ದೇಶಪ್ರೇಮವನ್ನು ಕುರಿತು ಮಾತನಾಡಿದನು. ಎಂಬತ್ತು ವರ್ಷಗಳ ಹಿಂದೆ ಯಾರ ಮಂದಿರಗಳು ಸುಟ್ಟುವೋ ಆ ಪಂಗಡಗಳ ಪರಂಪರೆಯವನು ಇವನು. ಸ್ಯಾಚೆವರೆಲ್ ಬಿಟ್ಟ ಮಾತನ್ನು ಪ್ರೈಸ್ ಬಿಚ್ಚಿ ಹೇಳಿದನು: ತಮ್ಮ ಆಳುವವರನ್ನು ಆರಿಸುವ, ತಪ್ಪಿದರೆ ಕಿತ್ತುಹಾಕುವ, ತಮಗೆ ತಾವೇ ಸರ್ಕಾರವನ್ನು ರೂಪಿಸಿಕೊಳ್ಳುವ ಹಕ್ಕು 1688ರಿಂದ ಪ್ರಜೆಗಳಿಗೆ ಬಂದಿದೆ. ಕೊನೆಯಲ್ಲಿ ಫ್ರಾನ್ಸಿನಲ್ಲಿ ಆಗತಾನೆ ತೊಡಗಿದ್ದ ಕ್ರಾಂತಿಯನ್ನು ನೆನೆದು, ಬಾಲಯೇಸುವನ್ನು ಕಂಡ ಮುದುಕ ಸಿಮೆಯೋನನಂತೆ, ತನ್ನ ಕಣ್ಣುಗಳು ಧನ್ಯವಾದುವೆಂದನು. ಆಧಾರವಾಕ್ಯಕ್ಕೂ ಅನ್ವಯಕ್ಕೂ ಇಲ್ಲಿರುವ ಹೊಂದಿಕೆ ಸ್ಯಾಚೆವರೆಲ್ಲನಲ್ಲಿಲ್ಲ.

ಇದನ್ನು ಓದಿ ಕೆರಳಿದ ಕಾಮನ್ಸ್ ಸದಸ್ಯನು ಎಡ್ಮಂಡ್ ಬರ್ಕ್. ಅವನು ಪ್ರೈಸನನ್ನು ಸಭೆಯ ಕಟಕಟೆಗೆ ಕರೆಸಬೇಕೆಂದು ಕೇಳಲಿಲ್ಲ, ಪುಸ್ತಕ ಬರೆದನು. 1790ನೆಯ ನವೆಂಬರ್ 1ರಂದು ಪ್ರಕಟವಾದ ಫ್ರಾನ್ಸಿನ ಕ್ರಾಂತಿಯನ್ನು ಕುರಿತ ಚಿಂತನೆಗಳು ಎಂಬ ಆ ಗ್ರಂಥ ಮೂಲತಃ ಒಂದು ಉಪದೇಶದ ವಿಮರ್ಶೆಯೆಂಬುದನ್ನು ಅದರ ಖ್ಯಾತಿಯ ನಡುವೆ ಅನೇಕರು ಮರೆಯುತ್ತಾರೆ. ಚರ್ಚಿನಲ್ಲಿ ಕೇಳಿಸಬೇಕಾದದ್ದು ಗಾಯ ಮಾಯಿಸುವ ಕರುಣೆಯ ಧ್ವನಿ, ರಾಜಕಾರಣಕ್ಕೂ ಪೀಠಕ್ಕೂ ಹೊಂದಿಕೆ ಕಡಮೆ ಎಂಬುದು ಅವನ ಆಕ್ಷೇಪ. ಸಿಮೆಯೋನನ ಮಾತನ್ನು 1648ರಲ್ಲಿ, ರಾಜವಧೆಯ ಮುನ್ನ, ಹ್ಯೂ ಪೀಟರ್ ಎಂಬ ಉಪದೇಶಕನೂ ಬಳಸಿದ್ದನೆಂದು ಅವನು ತೋರಿಸಿಕೊಡುವ ಭಾಗವಂತೂ ಶುದ್ಧ ಸಾಹಿತ್ಯವಿಮರ್ಶೆ. ಒಂದು ಪವಿತ್ರವಾಕ್ಯಕ್ಕೆ ಹಿಂದಿನ ಬಳಕೆಯಿಂದ ಅಂಟಿದ ಕಲೆಯನ್ನು ಗುರುತಿಸುವುದು ಧ್ವನಿಯನ್ನು ಬಲ್ಲ ಓದುಗನ ಕೆಲಸ. ಪ್ರತಿರೋಧದ ಪ್ರಶ್ನೆಯಲ್ಲಿ ಬರ್ಕನ ವಾದ ಪೂರ್ತಿ ಗೆಲ್ಲಲಿಲ್ಲ. ಪ್ರೈಸನ ಮೇಲೆ ಅವನು ಕಾರಿದ ಕಹಿ ಅನ್ಯಾಯವಾದದ್ದು. ಪೀಠದ ಆವೇಶವನ್ನು ಖಂಡಿಸುವವನು ತಾನೇ ಪೀಠದ ಆವೇಶಕ್ಕೆ ಒಳಗಾಗುತ್ತಾನೆ. ಆದರೂ ಉತ್ತರಕ್ಕೆ ಉತ್ತರ ಕೊಡಲು ಅಲ್ಲಿ ದಾರಿ ತೆರೆದಿದ್ದಿತು. ಪ್ರೈಸ್ ತನ್ನ ಉಪದೇಶದ ಮುಂದಿನ ಮುದ್ರಣದ ಮುನ್ನುಡಿಯಲ್ಲಿ ಉತ್ತರಿಸಿದನು. ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಅದೇ ವರ್ಷ, ಥಾಮಸ್ ಪೇನ್ ಮರುವರ್ಷ ತಮ್ಮ ಪ್ರಸಿದ್ಧವಾದ ಖಂಡನೆಗಳನ್ನು ಬರೆದರು. ಮನುಷ್ಯನ ಹಕ್ಕುಗಳನ್ನು ಕುರಿತ ಒಂದು ಸಾಹಿತ್ಯವೇ ಹುಟ್ಟಿತು.

ಇದರಿಂದ ಎಲ್ಲವೂ ಶಾಂತವಾಯಿತೆಂದು ಹೇಳುವಂತಿಲ್ಲ. 1791ರ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮತ್ತೆ ಆ ಪಂಗಡಗಳ ಮಂದಿರಗಳೂ ಪ್ರೀಸ್ಟ್‌ಲಿಯ ಮನೆಯೂ ಸುಟ್ಟುವು. ಪುಸ್ತಕದ ಉತ್ತರವು ಬೆಂಕಿಯನ್ನು ತಡೆಯುವ ಮಂತ್ರವಲ್ಲ. ಅದು ರಾಜ್ಯದ ಮುದ್ರೆಯನ್ನು ಯಾವ ಪಕ್ಷದ ಮೇಲೆಯೂ ಒತ್ತುವುದಿಲ್ಲ. ಅದರ ಹೆಚ್ಚುಗಾರಿಕೆ ಅಷ್ಟೇ, ಆದರೆ ಅದು ಸಣ್ಣದಲ್ಲ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ತನ್ನ ಪಕ್ಷದ ಹಳೆಯ ತತ್ತ್ವವೇನಿದ್ದಿತೆಂದು ತೋರಿಸಲು ಬರ್ಕ್ 1791ರಲ್ಲಿ ಬರೆದ ಇನ್ನೊಂದು ಪುಸ್ತಕದಲ್ಲಿ ಪ್ರಮಾಣವಾಗಿ ಎತ್ತಿಕೊಂಡದ್ದು ಸ್ಯಾಚೆವರೆಲ್ಲನ ವಿಚಾರಣೆಯಲ್ಲಿ ಫಿರ್ಯಾದಿಗಳು ಮಾಡಿದ ಭಾಷಣಗಳನ್ನು. ದಂಡನೆಯಾಗಿ ಸೋತ ಮಾತುಗಳು ವಾದವಾಗಿ ಬಾಳಿದುವು. ಅವರು ಮೊದಲೇ ಪುಸ್ತಕ ಬರೆದಿದ್ದರೆ ಸಾಕಾಗುತ್ತಿತ್ತು.

7

ಈ ಮೂರು ದಾರಿಗಳನ್ನು ಬಲ್ಲವನಿಗೆ ಇತ್ತೀಚಿನ ಪ್ರಸಂಗಗಳು ಹೊಸವಾಗಿ ತೋರುವುದಿಲ್ಲ. 1982ನೆಯ ಜುಲೈ 26ರಂದು ಅದೇ ಸೇಂಟ್ ಪಾಲ್ ದೇವಾಲಯದಲ್ಲಿ ಫಾಕ್‌ಲೆಂಡ್ ಯುದ್ಧ ಮುಗಿದುದಕ್ಕಾಗಿ ನಡೆದ ಆರಾಧನೆಯಲ್ಲಿ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ಎರಡೂ ಕಡೆ ಮಡಿದವರ ಮನೆಗಳ ದುಃಖವನ್ನು ನೆನೆದರು. ಗೆಲವಿನ ಕಹಳೆಯನ್ನು ನಿರೀಕ್ಷಿಸಿದ್ದ ಆಳುವ ಪಕ್ಷದ ಸದಸ್ಯರು ಕೆಲವರು ಮುನಿದರು. ಅವರ ಮುನಿಸು ಮಾತಿನಲ್ಲಿಯೇ ಉಳಿಯಿತು. ಸ್ವತಃ ಯುದ್ಧದಲ್ಲಿ ಶೌರ್ಯಪದಕ ಪಡೆದಿದ್ದ ಆರ್ಚ್‌ಬಿಷಪ್ಪರು ತಮ್ಮ ಮಾತಿಗೆ ನಿಂತರು.

2025ನೆಯ ಜನವರಿ 21ರಂದು ವಾಷಿಂಗ್ಟನ್ ರಾಷ್ಟ್ರೀಯ ಮಹಾದೇವಾಲಯದಲ್ಲಿ ಬಿಷಪ್ ಮಾರಿಯನ್ ಬಡ್ಡೆ, ಹಿಂದಿನ ದಿನ ಅಧಿಕಾರ ವಹಿಸಿಕೊಂಡಿದ್ದ ಅಧ್ಯಕ್ಷ ಟ್ರಂಪ್ ಅವರನ್ನು ನೇರವಾಗಿ ಉದ್ದೇಶಿಸಿ, ಭಯದಲ್ಲಿರುವ ವಲಸೆಗಾರರ ಮೇಲೆಯೂ ಸಲಿಂಗಿಗಳು ಮೊದಲಾದವರ ಮೇಲೆಯೂ ದಯೆ ತೋರಬೇಕೆಂದು ಬೇಡಿಕೊಂಡರು. ಅಧ್ಯಕ್ಷರು ಕ್ಷಮಾಪಣೆಯನ್ನು ಕೇಳಿದರು. ಅವರ ಪಕ್ಷದ ಒಬ್ಬ ಪ್ರತಿನಿಧಿಯು ಅಮೆರಿಕೆಯಲ್ಲಿಯೇ ಹುಟ್ಟಿದ ಈ ಬಿಷಪ್ಪರನ್ನು ಗಡೀಪಾರಿನ ಪಟ್ಟಿಗೆ ಸೇರಿಸಬೇಕೆಂದನು. ಮತ್ತೊಬ್ಬ ಪ್ರತಿನಿಧಿ, ಆ ಉಪದೇಶದ ಸಂದೇಶ ವಿಕೃತವಾದುದೆಂದು ಖಂಡಿಸುವ ನಿರ್ಣಯವನ್ನು ಪ್ರತಿನಿಧಿ ಸಭೆಯಲ್ಲಿ ಮಂಡಿಸಿದನು. ಸಂದೇಶವು ವಿಕೃತವೆಂದು ಹೇಳಲು ಅವಿಕೃತವಾದ ಸಂದೇಶವಾವುದೆಂದು ಸಭೆಗೆ ತಿಳಿದಿರಬೇಕು. ಮುನ್ನೂರು ವರ್ಷಗಳ ಹಿಂದೆ ವೆಸ್ಟ್‌ಮಿನ್ಸ್ಟರ್ ಹಾಲಿನಲ್ಲಿ ಎದುರಾದ ತೊಡಕೇ ಇದು. ಶಾಸಕನು ವ್ಯಕ್ತಿಯಾಗಿ ಆ ಉಪದೇಶವನ್ನು ಎಷ್ಟು ಕಟುವಾಗಿ ಬೇಕಾದರೂ ಖಂಡಿಸಲಿ; ಸಭೆಯ ಹೆಸರಿನಲ್ಲಿ ಖಂಡಿಸಹೊರಟಾಗ ಕರುಣೆಯ ಸರಿಯಾದ ವ್ಯಾಖ್ಯಾನಕ್ಕೆ ಮತ ಹಾಕಬೇಕಾಗುತ್ತದೆ.

8

ಭಾರತದ ಶಾಸಕರು ಕಾನೂನಿನ ಮಟ್ಟದಲ್ಲಿ ಹಿಡಿದ ದಾರಿ ಇವೆಲ್ಲಕ್ಕಿಂತ ವಿವೇಕದ್ದೆಂದು ಹೇಳಬೇಕು. 1951ರ ಜನತಾ ಪ್ರಾತಿನಿಧ್ಯ ಶಾಸನದ 123ನೆಯ ಪ್ರಕರಣವು ಉಪದೇಶದ ಸಿದ್ಧಾಂತವನ್ನು ಮುಟ್ಟುವುದಿಲ್ಲ. ಇಂತಹವನಿಗೆ ಮತ ಕೊಡದಿದ್ದರೆ ದೈವದ ಅವಕೃಪೆಗೋ ಧಾರ್ಮಿಕ ದಂಡನೆಗೋ ಗುರಿಯಾಗುವೆಯೆಂದು ಮತದಾರನನ್ನು ನಂಬಿಸುವುದು ಅನುಚಿತ ಪ್ರಭಾವವೆಂದು ಮಾತ್ರ ಹೇಳುತ್ತದೆ. 1957ರ ಚುನಾವಣೆಯಲ್ಲಿ ಅಂದಿನ ಪಂಜಾಬಿನ ಸಿರ್ಸಾ ಕ್ಷೇತ್ರದಲ್ಲಿ ನಾಮಧಾರಿ ಪಂಥದ ಗುರುಗಳ ಆಜ್ಞೆ ಹೊರಟ ಪ್ರಕರಣವು 1959ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಧರ್ಮಗುರುವಿಗೂ ಅಭ್ಯರ್ಥಿಗಳ ಗುಣಾವಗುಣಗಳನ್ನು ಹೇಳುವ ಹಕ್ಕುಂಟು, ಆದರೆ ಅನುಯಾಯಿಗೆ ಆಯ್ಕೆಯೇ ಉಳಿಯದಂತೆ ಆಜ್ಞೆ ಮಾಡಿದರೆ ಅದು ಅನುಚಿತ ಪ್ರಭಾವ ಎಂದು ನ್ಯಾಯಾಲಯ ವಿಂಗಡಿಸಿತು. ಇಲ್ಲಿ ವಿಚಾರಣೆಗೆ ಬಂದದ್ದು ಉಪದೇಶಕನ ಧ್ವನಿಯಲ್ಲ, ಶ್ರೋತೃವಿನ ಸ್ವಾತಂತ್ರ್ಯ. ಧರ್ಮದ ಹೆಸರಿನಲ್ಲಿ ಮತ ಯಾಚಿಸುವುದನ್ನು ಕುರಿತು, ಮುಂಬಯಿಯ ಸಾಂತಾಕ್ರೂಜ್ ಕ್ಷೇತ್ರದ 1990ರ ಚುನಾವಣೆಯಿಂದ ಹುಟ್ಟಿದ ಪ್ರಕರಣದಲ್ಲಿ, 2017ನೆಯ ಜನವರಿ 2ರಂದು ಏಳು ನ್ಯಾಯಾಧೀಶರ ಪೀಠ 4:3ರ ಬಹುಮತದಿಂದ ನಿಷೇಧದ ವ್ಯಾಪ್ತಿಯನ್ನು ಮತದಾರನ ಧರ್ಮಕ್ಕೂ ವಿಸ್ತರಿಸಿತು. ಮೂವರು ಭಿನ್ನಮತ ತಾಳಿದುದರಿಂದಲೇ ಎಲ್ಲೆ ಎಷ್ಟು ನವುರಾದುದೆಂದು ತಿಳಿಯುತ್ತದೆ.

ಕಾನೂನು ಮುಟ್ಟದ ದಿನನಿತ್ಯದ ಪ್ರಸಂಗಗಳಲ್ಲಿ ಶಾಸಕನ ನಡೆ ಹೇಗಿರಬೇಕೆಂಬ ಪ್ರಶ್ನೆ ಉಳಿಯುತ್ತದೆ. 2020ನೆಯ ಜನವರಿ 14ರಂದು ಹರಿಹರದಲ್ಲಿ ಪಂಚಮಸಾಲಿ ಪೀಠದ ವಚನಾನಂದ ಸ್ವಾಮಿಗಳು, ವೇದಿಕೆಯ ಮೇಲಿದ್ದ ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಉದ್ದೇಶಿಸಿ, ಮುರುಗೇಶ ನಿರಾಣಿಯವರನ್ನು ಮಂತ್ರಿ ಮಾಡದಿದ್ದರೆ ಸಮಾಜವು ಕೈಬಿಟ್ಟೀತೆಂದು ಹೇಳಿದರು. ಮುಖ್ಯಮಂತ್ರಿಗಳು ಆಸನದಿಂದ ಎದ್ದು, ಈ ರೀತಿ ಮಾತನಾಡುವುದಾದರೆ ಹೊರಟುಹೋಗುವೆನೆಂದರು. ವಿಮರ್ಶೆಯ ದೃಷ್ಟಿಯಿಂದ ಇಲ್ಲಿ ಧ್ವನಿಯೇ ಇಲ್ಲ. ಇದ್ದದ್ದು ಬರಿಯ ವಾಚ್ಯ. ಪವಿತ್ರವಾಕ್ಯವೂ ವ್ಯಾಖ್ಯಾನವೂ ಬಿಟ್ಟುಹೋಗಿ ವಿಧಿಯೊಂದೇ ಉಳಿದಾಗ ಉಪದೇಶವು ಅಹವಾಲಾಗುತ್ತದೆ. ಅದನ್ನು ಅಹವಾಲೆಂದೇ ಓದಿ, ಶ್ರೋತೃವಾಗಿ, ಎದುರೆದುರಿಗೆ, ರಾಜ್ಯಾಧಿಕಾರದ ನೆರವಿಲ್ಲದೆ ಉತ್ತರ ಕೊಟ್ಟದ್ದು ಆ ಕ್ಷಣಕ್ಕೆ ಸರಿಯಾದ ಓದು. ನಿರಾಣಿಯವರು 2021ನೆಯ ಜನವರಿ 13ರಂದು ಸಚಿವರಾದರು. ಈ ಎರಡರ ನಡುವಣ ಸಂಬಂಧವನ್ನು ಹೇಳುವುದು ವಿಮರ್ಶಕನ ಕೆಲಸವಲ್ಲ.

ಒಟ್ಟಿನಲ್ಲಿ ಹೇಳತಕ್ಕದ್ದು ಇಷ್ಟು. ಉಪದೇಶಪೀಠದಿಂದ ರಾಜಕಾರಣವನ್ನು ಪೂರ್ತಿಯಾಗಿ ಹೊರಗಿಡಲಾಗದು. ದಯೆಯನ್ನು ಕುರಿತು ಪ್ರಾಮಾಣಿಕವಾಗಿ ಮಾತನಾಡಿದರೆ ಅದು ಯಾರೋ ಒಬ್ಬ ಆಳುವವನಿಗೆ ತಾಗಿಯೇ ತಾಗುತ್ತದೆ. ತಾಗಿಸಿಕೊಂಡ ಶಾಸಕನು ತಾನೂ ಒಬ್ಬ ಶ್ರೋತೃವೆಂಬುದನ್ನು ಮರೆತು ನ್ಯಾಯಾಧೀಶನಾದರೆ ಸಿದ್ಧಾಂತಕ್ಕೆ ಮತ ಎಣಿಸುವ ಸಂಕಟಕ್ಕೆ ಬೀಳುತ್ತಾನೆ. ಬರಿಯ ಭಕ್ತನಾದರೆ ಓದದ ಪತ್ರಕ್ಕೆ ರುಜು ಹಾಕುತ್ತಾನೆ. ಉಪದೇಶಕನಿಗೂ ಒಂದು ಕರ್ತವ್ಯವಿದೆ. ಪ್ರಶ್ನೆಗೆ ಎಡೆಯಿಲ್ಲದ ಸ್ಥಳದಿಂದ ಲೋಕದ ವ್ಯವಹಾರವನ್ನು ಕುರಿತು ಮಾತನಾಡಿದವನು, ಲೋಕದಿಂದ ಬರುವ ಉತ್ತರವನ್ನು ಧರ್ಮನಿಂದೆಯೆಂದು ಕರೆಯದೆ ಕೇಳಿಕೊಳ್ಳಬೇಕು. ಸ್ಯಾಚೆವರೆಲ್ 1713ರಲ್ಲಿ ಕಾಮನ್ಸ್ ಸಭೆಯ ಆಹ್ವಾನದ ಮೇಲೆ ಮಾಡಿದ ಉಪದೇಶವನ್ನು ಇಂದು ಹುಡುಕಿ ಓದುವವರು ವಿರಳ. ಪ್ರೈಸನೂ ಬರ್ಕನೂ ಒಬ್ಬರಿಗೊಬ್ಬರು ಕೊಟ್ಟ ಉತ್ತರಗಳನ್ನು ಇಂದಿಗೂ ಜೊತೆಯಾಗಿಯೇ ಓದುತ್ತಾರೆ.